ಗಾಳಿಗೆ ಬಾಗಿದ ಮರದ ಬಳಿ ನಿಲ್ಲುವವರಿಗೆ
(ಜುಮಾ ಖುತ್ಬಾದ ಸಾರಾಂಶ)

 



ಆಷಾಢ ಬಂತೆಂದರೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮಳೆಗಿಂತ ಗಾಳಿಯೇ ಜಾಸ್ತಿ. ಪಡುವಣದಿಂದ ಬೀಸುವ ಈ ಗಾಳಿಗೆ ಬಯಲಲ್ಲಿ ಒಂಟಿಯಾಗಿ ನಿಂತ ಮರ ವರ್ಷ ವರ್ಷ ಇಷ್ಟಿಷ್ಟೇ ಮೂಡಣಕ್ಕೆ ವಾಲುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ನೋಡಿರುತ್ತೀರಿ. ಕಣಿವೆಯಲ್ಲಿ ಮರಗಳು ನೆಟ್ಟಗೆ ಎತ್ತರಕ್ಕೆ ಬೆಳೆದಿರುತ್ತವೆ. ಗಾಳಿ ನೇರ ಬಡಿಯುವ ನೆತ್ತಿಯ ಮೇಲೆ ಗಿಡ್ಡಗಾಗಿ, ಕೊಂಬೆಗಳೆಲ್ಲ ಒಂದೇ ಕಡೆಗೆ ಚಾಚಿಕೊಂಡಿರುತ್ತವೆ.

ಬುಖಾರಿ ಮತ್ತು ಮುಸ್ಲಿಂ ಗ್ರಂಥಗಳಲ್ಲಿ ಒಂದು ಹದೀಸ್ ಇದೆ. ಪ್ರವಾದಿವರ್ಯರು(ಸ) ಸತ್ಯವಿಶ್ವಾಸಿಯನ್ನು ಎಳೆಯ ಪೈರಿಗೆ ಹೋಲಿಸಿದರು. ಗಾಳಿ ಬಂದಾಗ ಅದು ಬಾಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಕಪಟ ವಿಶ್ವಾಸಿಯನ್ನು ದೇವದಾರು ಮರಕ್ಕೆ ಹೋಲಿಸಿದರು. ಅದು ಅಲುಗದೆ ನಿಂತಿರುತ್ತದೆ, ಬಿದ್ದರೆ ಒಮ್ಮೆಲೇ ಬುಡಸಮೇತ ಬೀಳುತ್ತದೆ. ಇಲ್ಲಿ ಗಾಳಿ ಎಂದರೆ ರೋಗ, ನಷ್ಟ, ಸಾವುನೋವು ಎಂದು ಉಲಮಾಗಳು ವಿವರಿಸಿದ್ದಾರೆ. ಗೂಡಿನ ಬೆಲೆ ಬಿದ್ದು ರೇಷ್ಮೆ ಬಿಚ್ಚುವ ಕೆಲಸ ನಿಂತ ಮನೆಗಳು ನಮ್ಮ ಮೊಹಲ್ಲಾಗಳಲ್ಲಿವೆ. ಆ ಮನೆಯವರಿಗೆ ಈ ಹದೀಸನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮರ ಬಾಗುವುದು ಹೇಗೆ ಎಂಬುದನ್ನೂ ಸ್ವಲ್ಪ ತಿಳಿಯೋಣ. ಗಾಳಿ ಬಡಿಯುವ ಕಡೆಯ ಚಿಗುರು ಒಣಗಿ ಸಾಯುತ್ತದೆ, ಮರೆಯಲ್ಲಿರುವ ಕಡೆಯದು ಬೆಳೆಯುತ್ತದೆ. ಹಾಗಾಗಿ ಮರ ಒಂದೇ ಪಕ್ಕಕ್ಕೆ ತಲೆ ಬಾಚಿದಂತೆ ಕಾಣುತ್ತದೆ. ಅಲುಗಾಡಿದ ಕಾಂಡ ಉದ್ದಕ್ಕೆ ಬೆಳೆಯುವುದು ಕಡಿಮೆ, ದಪ್ಪವಾಗುವುದು ಹೆಚ್ಚು. ವಾಲಿದ ಕಡೆಯ ಭಾರ ತಡೆಯಲು ಮರ ಬೇರೆಯೇ ಬಗೆಯ ಗಟ್ಟಿ ನಾರನ್ನು ಕಟ್ಟಿಕೊಳ್ಳುತ್ತದೆ. ಸಸಿಯನ್ನು ಅಲುಗದಂತೆ ಕೋಲಿಗೆ ಬಿಗಿದು ಬೆಳೆಸಿದರೆ ಅದು ಬೇಗ ಉದ್ದವಾಗುತ್ತದೆ, ಆದರೆ ಕೋಲು ತೆಗೆದ ದಿನ ತನ್ನ ಕಾಲ ಮೇಲೆ ನಿಲ್ಲಲಾರದು. ಸಸಿ ನೆಡುವವರು ಕಟ್ಟನ್ನು ಸಡಿಲ ಬಿಡುವುದು ಇದಕ್ಕೇ. ಮಕ್ಕಳನ್ನು ಸಾಕುವ ತಾಯಂದಿರೂ ಇದನ್ನು ಓದುತ್ತಿದ್ದೀರಿ, ಹೆಚ್ಚು ಹೇಳುವುದಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇವೆ. ಬಾಗಿದ ಮರದ ಫೋಟೋ ಹಾಕಿ, ಇದು ಕಿಬ್ಲಾದ ಕಡೆ ರುಕೂಅ್ ಮಾಡುತ್ತಿದೆ ಎಂದು ವಾಟ್ಸಾಪ್‌ನಲ್ಲಿ ಕಳಿಸುವವರಿದ್ದಾರೆ. ನಮ್ಮಲ್ಲಿ ಕಿಬ್ಲಾ ಪಡುವಣಕ್ಕೆ, ಮರ ವಾಲುವುದು ಹೆಚ್ಚಾಗಿ ಮೂಡಣಕ್ಕೆ! ಗಿಡಮರಗಳು ಅಲ್ಲಾಹನಿಗೆ ಸಾಷ್ಟಾಂಗವೆರಗುತ್ತವೆ ಎಂದು ಸೂರಃ ಅರ್ರಹ್ಮಾನ್ ತಿಳಿಸಿದೆ. ಅದು ಹೇಗೆಂದು ಅವನೇ ಬಲ್ಲ. ಈಮಾನ್‌ಗೆ ಇಂಥ ಫೋಟೋಗಳ ಆಸರೆ ಬೇಕಿಲ್ಲ.

ಈ ವಿಷಯ ಎತ್ತಲು ಕಾರಣ, ನಮ್ಮ ಕೆಲವು ಯುವಕರು ಕೇಳಿದ ಪ್ರಶ್ನೆ. ಜಿಯೋಕ್ಯಾಷಿಂಗ್ ಎಂಬ ಆಟವಿದೆ. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿದ ಬೆನ್ನಲ್ಲೇ, 2000ದ ಮೇ ತಿಂಗಳಲ್ಲಿ, ಒರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ ಬಚ್ಚಿಟ್ಟು ಅದಿರುವ ಜಾಗದ ಅಂಕಿಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸಿದರು. ಹುಡುಕಿ ಹೋದವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಏನಾದರೂ ತೆಗೆದುಕೊಂಡರೆ ಏನಾದರೂ ಇಟ್ಟು ಬರಬೇಕು. ಈಗ ಜಗತ್ತಿನಾದ್ಯಂತ ಆಡುತ್ತಾರೆ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ತುದಿಯಲ್ಲಿರುವ ಸ್ಲೋಪ್ ಪಾಯಿಂಟ್‌ನ ಬಾಗಿದ ಮರಗಳನ್ನು ನೋಡಲೆಂದೇ ಜನ ಹೋಗುತ್ತಾರೆ; ನಮ್ಮ ದಾರಿಯ ಬಾಗಿದ ಮರಗಳನ್ನೂ ಹಾಗೆ ಗುರುತು ಮಾಡಿ, ಬುಡದಲ್ಲಿ ಡಬ್ಬಿ ಇಟ್ಟು ಆಡಬಹುದೇ ಎಂಬುದು ಅವರ ಪ್ರಶ್ನೆ.

ನೋಡುವುದಕ್ಕೆ ಹೋಗಿ ಎನ್ನುತ್ತೇವೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಲು ಕುರ್‌ಆನ್ ಹೇಳುತ್ತದೆ. ಜೂಜಿಲ್ಲ, ಸುಳ್ಳಿಲ್ಲ ಎಂದಾದರೆ ಆಟವೂ ಮುಬಾಹ್. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಮೊಬೈಲ್ ಹಿಡಿದು ಮರ ಹುಡುಕುವುದು ಎಷ್ಟೋ ವಾಸಿ.

ಆದರೆ ಡಬ್ಬಿ ಬೇಡ.

ಪ್ರವಾದಿವರ್ಯರು(ಸ) ರಮಝಾನ್‌ನ ಕೊನೆಯ ದಿನಗಳಲ್ಲಿ ಮಸೀದಿಯಲ್ಲಿ ಇಅ್ತಿಕಾಫ್ ಇದ್ದರು. ರಾತ್ರಿ ನೋಡಲು ಬಂದ ಪತ್ನಿ ಹಝ್ರತ್ ಸಫಿಯ್ಯಾ(ರ) ಅವರನ್ನು ಕಳುಹಿಸಿಕೊಡಲು ಜೊತೆಯಲ್ಲಿ ನಡೆದರು. ದಾರಿಯಲ್ಲಿ ಇಬ್ಬರು ಅನ್ಸಾರಿಗಳು ಎದುರಾಗಿ ಬಿರಬಿರನೆ ಮುಂದೆ ಹೋಗತೊಡಗಿದಾಗ ಅವರನ್ನು ತಡೆದು, ಈಕೆ ಸಫಿಯ್ಯಾ ಎಂದು ಹೇಳಿದರು. ಅವರಿಬ್ಬರೂ ಬೆಚ್ಚಿ, ತಮ್ಮನ್ನು ಸಂಶಯಿಸುವುದುಂಟೇ ಎಂಬಂತೆ ಸುಬ್‌ಹಾನಲ್ಲಾಹ್ ಎಂದರು. ಶೈತಾನನು ಮನಸ್ಸಿನಲ್ಲಿ ಏನಾದರೂ ಹಾಕಿಬಿಟ್ಟಾನು ಎಂಬ ಆತಂಕವನ್ನು ಪ್ರವಾದಿವರ್ಯರು(ಸ) ತಿಳಿಸಿದರು. ಅಲ್ಲಾಹನ ರಸೂಲರೇ ತಮ್ಮ ಮೇಲೆ ಸಂಶಯಕ್ಕೆ ಎಡೆ ಕೊಡಲಿಲ್ಲ.

ಇಂದಿನ ದಿನಗಳಲ್ಲಿ ಇಬ್ಬರು ಹುಡುಗರು ಬೈಕ್ ನಿಲ್ಲಿಸಿ, ರಸ್ತೆ ಬದಿಯ ಪೊಟರೆಯಲ್ಲಿ ಪೆಟ್ಟಿಗೆ ತುರುಕಿ, ಹಿಂದೆ ಮುಂದೆ ನೋಡಿ ಹೊರಟರೆ ಕಂಡವರು ಏನೆಂದುಕೊಳ್ಳುತ್ತಾರೆ? ಅದು ಆಟ ಎಂದು ಠಾಣೆಯಲ್ಲಿ ವಿವರಿಸುವ ಹೊತ್ತಿಗೆ ತಂದೆತಾಯಿಯ ಅರ್ಧ ಆಯುಷ್ಯ ಕರಗಿರುತ್ತದೆ. ಇದು ಭಯದಿಂದ ಹೇಳುವ ಮಾತಲ್ಲ, ಬಚ್ಚಿಡುವುದಕ್ಕೆ ನಮ್ಮಲ್ಲಿ ಏನೂ ಇಲ್ಲವಾದ್ದರಿಂದ ಹೇಳುವ ಮಾತು. ಡಬ್ಬಿಯೇ ಇಲ್ಲದೆ, ಜಾಗಕ್ಕೆ ಹೋಗಿ ನೋಡಿ ಉತ್ತರ ಬರೆಯುವ ಬಗೆಯೂ ಈ ಆಟದಲ್ಲಿದೆ. ಮರ ಯಾವ ಕಡೆ ವಾಲಿದೆ, ಸುತ್ತಳತೆ ಎಷ್ಟು ಮಾರು, ಯಾವ ಹಕ್ಕಿ ಗೂಡು ಕಟ್ಟಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹತ್ತಿರದ ಹೊಲದವರಿಗೆ ನಮಸ್ಕಾರ ಹೇಳಿ, ಮರ ನೋಡಲು ಬಂದೆವು ಅನ್ನಿ. ಅವರೇ ನಾಲ್ಕು ಮಾತು ಹೆಚ್ಚು ಹೇಳುತ್ತಾರೆ.

ಕಾಡಿನ ವಿಷಯ ಬೇರೆ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆ ಬಿಟ್ಟ ಕಡೆ ಮಾತ್ರ ಹೋಗಬೇಕು, ಅಲ್ಲಿ ಏನನ್ನೂ ಇಟ್ಟು ಬರುವಂತಿಲ್ಲ. ದೊಡ್ಡ ಸಂಪಿಗೆ ಮರ ಸೋಲಿಗರಿಗೆ ಪವಿತ್ರ. ಅವರ ಆರಾಧನೆಯಲ್ಲಿ ನಮಗೆ ಪಾಲಿಲ್ಲ, ಆದರೆ ಅಷ್ಟು ತಲೆಮಾರು ಒಂದು ಮರವನ್ನು ಉಳಿಸಿಕೊಂಡು ಬಂದವರ ಎದುರು ಗಲಾಟೆ ಮಾಡುವ ಹಕ್ಕೂ ನಮಗಿಲ್ಲ.

ದಾರಿಯ ಹಕ್ಕನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಕಲಿಸಿದ್ದಾರೆ: ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು. ಜನ ಕೂರುವ ನೆರಳಲ್ಲಿ ಮಲಮೂತ್ರ ಮಾಡುವುದು ಶಾಪಕ್ಕೆ ಕಾರಣ ಎಂದೂ ಎಚ್ಚರಿಸಿದ್ದಾರೆ. ನೆರಳಲ್ಲಿ ಬಿರಿಯಾನಿ ಪೊಟ್ಟಣ, ಬಾಟಲಿ ಎಸೆದು ಬರುವವರು ಈ ಮಾತು ತಮಗಲ್ಲ ಎಂದುಕೊಳ್ಳಬೇಡಿ. ತೊಗಟೆಯಲ್ಲಿ ಹೆಸರು ಕೊರೆಯುವುದಂತೂ ಬೇಡವೇ ಬೇಡ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಕೊರೆದರೆ ಬೇರು ಹಸಿದು ಮರವೇ ಸಾಯುತ್ತದೆ. ಬರುವಾಗ ಚೀಲದಲ್ಲಿ ಕಸ ತುಂಬಿ ತನ್ನಿ. ದಾರಿಯಿಂದ ತೊಂದರೆ ತೆಗೆಯುವುದು ಈಮಾನ್‌ನ ಒಂದು ಶಾಖೆ.

ಕೊನೆಗೆ ನಮಾಝ್. ಬೆಟ್ಟಕ್ಕೆ ಹೋಗುವವರು ಸಫರ್ ಎಂದುಕೊಂಡು ಕಸ್ರ್ ಮಾಡುವುದುಂಟು. ನಮ್ಮ ಹನಫೀ ಮಝ್‌ಹಬ್‌ನಲ್ಲಿ ಸಫರ್‌ನ ದೂರ 48 ಮೈಲಿ, ಸುಮಾರು 77 ಕಿ.ಮೀ. ಕೊಳ್ಳೇಗಾಲದಿಂದ ಯಳಂದೂರು ಮೇಲೆ ಹಾದು ಬಿಳಿಗಿರಿರಂಗನ ಬೆಟ್ಟಕ್ಕೆ 50 ಕಿ.ಮೀ. ಕೂಡ ಆಗದು. ಹೋಗುವ ಬರುವ ದೂರ ಕೂಡಿಸಿ ಲೆಕ್ಕ ಹಾಕುವಂತಿಲ್ಲ. ಚೀಲದಲ್ಲಿ ಒಂದು ಜಾನಮಾಝ್, ವುಝೂಗೆ ಒಂದು ಬಾಟಲಿ ನೀರು ಇರಲಿ. ಅಸರ್ ಪೂರ್ತಿ 4 ರಕಅತ್.