ಮಕ್ಕಳು ಸಮಾಜ ಪಾಠವನ್ನು ಎಲ್ಲಿ ಕಲಿಯಬೇಕು?

(ಹೆತ್ತವರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ಪಾಠ ಮಾಡುತ್ತಿದ್ದ ಮಂಗಳೂರಿನ ಶಾಲೆಯೊಂದರಲ್ಲಿ ಐದನೇ ತರಗತಿಯ ಬಾಲಕನೊಬ್ಬ ಕರ್ನಾಟಕದ ನದಿಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ನೇತ್ರಾವತಿಯು ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಅರಬೀ ಸಮುದ್ರ ಸೇರುತ್ತದೆ ಎಂಬುದೂ ಅವನಿಗೆ ಬಾಯಿಪಾಠವಾಗಿತ್ತು. ನಿಮ್ಮ ಮನೆಯ ನಳ್ಳಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆವು. "ಟ್ಯಾಂಕಿಯಿಂದ" ಎಂದ. ಟ್ಯಾಂಕಿಗೆ ಎಲ್ಲಿಂದ ಎಂದಾಗ ಸುಮ್ಮನಾದ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ಅದೇ ನೇತ್ರಾವತಿಯ ನೀರನ್ನು ತಾನು ದಿನವೂ ಕುಡಿಯುತ್ತಿದ್ದೇನೆ, ಅದರಿಂದಲೇ ವುಝೂ ಮಾಡುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಅವನಿಗೆ ಪೂರ್ಣ ಅಂಕ ದೊರೆತಿತ್ತು. ತಪ್ಪು ಅವನದಲ್ಲ, ಕಲಿಸಿದ ನಮ್ಮದು.

ನಮ್ಮ ಸಮುದಾಯದಲ್ಲಿ ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ವಿಚಾರಿಸುವ ಹೆತ್ತವರಿದ್ದಾರೆ. ಸಮಾಜ ಪಾಠದ ಬಗ್ಗೆ ವಿಚಾರಿಸುವವರನ್ನು ನಾವು ಹೆಚ್ಚು ಕಂಡಿಲ್ಲ. ಕೆಳಗಿನ ತರಗತಿಗಳಲ್ಲಿ ಅದು ಪರಿಸರ ಅಧ್ಯಯನದೊಳಗೆ ಅಡಗಿಕೊಂಡಿರುವುದರಿಂದ ಅಂಥದೊಂದು ವಿಷಯವಿದೆ ಎಂಬುದೇ ಅನೇಕರ ಗಮನಕ್ಕೆ ಬರುವುದಿಲ್ಲ. ಪ್ರೊ. ಯಶಪಾಲ್ ಅವರ ನೇತೃತ್ವದಲ್ಲಿ ಸಿದ್ಧವಾದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠವನ್ನು ಬಿಟ್ಟು, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂದು ಹೇಳಿತು. ಹೇಳಿದ್ದು ಕಡತದಲ್ಲಿ ಉಳಿಯಿತು, ನಾವು ಪ್ರಶ್ನೋತ್ತರ ಬರೆಸುತ್ತಲೇ ಇದ್ದೆವು.

ಆ ಬಾಲಕನ ಮೌನದ ಬಳಿಕ ನಾವು ಒಂದು ವಾರ ಪುಸ್ತಕ ಮುಚ್ಚಿಟ್ಟೆವು. ಮಕ್ಕಳು ನಳ್ಳಿಯಿಂದ ಹೊರಟು ಹಿಂದಕ್ಕೆ ಪ್ರಯಾಣ ಮಾಡಿದರು. ನಮ್ಮ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ, ಬಿಡುವವರು ಯಾರು, ಬಿಲ್ಲನ್ನು ಯಾರು ಕಟ್ಟುತ್ತಾರೆ, ಬಾರದ ದಿನ ಯಾರಿಗೆ ಹೇಳಬೇಕು ಎಂದು ಮನೆಮನೆ ವಿಚಾರಿಸಿಕೊಂಡು ಬಂದರು. ಮಹಾನಗರಪಾಲಿಕೆ, ವಾರ್ಡು, ತೆರಿಗೆ, ಚುನಾವಣೆ ಎಲ್ಲವೂ ಆ ಒಂದು ಪ್ರಶ್ನೆಯ ಹಿಂದೆ ತಾವಾಗಿಯೇ ಬಂದವು. ಕೊನೆಗೆ ತುಂಬೆಗೆ ಹೋಗಿ ನೋಡೋಣ ಎಂದು ನಿರ್ಧರಿಸಿದೆವು. ಹುಡುಗರೆಲ್ಲ ಬಂದರು. ಮೂವರು ಹುಡುಗಿಯರ ತಂದೆಯಂದಿರು ಒಪ್ಪಿಗೆ ನೀಡಲಿಲ್ಲ. ಈ ವಿಚಾರಕ್ಕೆ ಮತ್ತೆ ಬರುತ್ತೇವೆ.

ನಕ್ಷೆ ಓದುವುದನ್ನು ಕಲಿಸಲು ದೊಡ್ಡ ಸಾಧನಗಳೇನೂ ಬೇಕಿಲ್ಲ. ಪುಸ್ತಕವು ಉದಯಿಸುವ ಸೂರ್ಯನಿಗೆ ಮುಖ ಮಾಡಿ ನಿಲ್ಲಲು ಹೇಳುತ್ತದೆ. ಆದರೆ ಪಾಠ ನಡೆಯುವುದು ಮಧ್ಯಾಹ್ನದ ಹೊತ್ತಿಗೆ, ಕೊಠಡಿಯೊಳಗೆ! ಮಸೀದಿಗೆ ಹೋಗುವ ಮಗುವಿಗೆ ಕಿಬ್ಲಾ ಗೊತ್ತಿದೆ. ನಮ್ಮ ನಾಡಿನಲ್ಲಿ ಅದು ಪಶ್ಚಿಮದಿಂದ ತುಸು ಉತ್ತರಕ್ಕೆ. ಹಾಗೆ ನಿಂತರೆ ಬಲಗೈಯತ್ತ ಉತ್ತರ, ಬೆನ್ನಿಗೆ ಪೂರ್ವ. ಪಕ್ಕದ ಬೆಂಚಿನ ಹಿಂದೂ ಗೆಳೆಯ ತಮ್ಮ ಬೀದಿಯ ದೇವಸ್ಥಾನದ ಬಾಗಿಲು ಪೂರ್ವಕ್ಕಿದೆ ಎಂದಾಗ ಇಬ್ಬರ ಲೆಕ್ಕವೂ ಹೊಂದಿತು. ಬಳಿಕ ಮೇಜಿನ ಮೇಲೆ ಗೋಳವಿಟ್ಟು, ಇಸ್ತಾಂಬುಲ್‌ನ ಮಗು ನಮಾಝಿಗೆ ಯಾವ ದಿಕ್ಕಿಗೆ ನಿಲ್ಲುತ್ತದೆ, ಕೇಪ್‌ಟೌನಿನ ಮಗು ಯಾವ ದಿಕ್ಕಿಗೆ ಎಂದು ಕೇಳಿದೆವು. ಒಂದು ದಕ್ಷಿಣದತ್ತ, ಇನ್ನೊಂದು ಉತ್ತರದತ್ತ ಎಂದು ಕಂಡುಕೊಂಡಾಗ ತರಗತಿಯಲ್ಲಿ ಎದ್ದ ಗದ್ದಲವನ್ನು ನಿಲ್ಲಿಸಲು ನಮಗೆ ಮನಸ್ಸಾಗಲಿಲ್ಲ. 1154ರಲ್ಲಿ ಸಿಸಿಲಿಯ ದೊರೆಗಾಗಿ ಅಲ್ ಇದ್ರೀಸಿ ರಚಿಸಿದ ಜಗತ್ತಿನ ನಕ್ಷೆಯಲ್ಲಿ ದಕ್ಷಿಣವೇ ಮೇಲಿದೆ. ಗೋಡೆಯ ನಕ್ಷೆಯನ್ನು ತಲೆಕೆಳಗಾಗಿ ತೂಗುಹಾಕಿ ಒಂದು ದಿನ ಪಾಠ ಮಾಡಿ ನೋಡಿರಿ.

ಮನೆಯಿಂದ ಹಳೆಯ ವಸ್ತುವೊಂದನ್ನು ತರಲು ಹೇಳಿದಾಗ ನಡೆದುದನ್ನು ವಿವರವಾಗಿ ಹೇಳಬೇಕು. ಕೆಲವರು ಹಿತ್ತಾಳೆಯ ಪಾತ್ರೆ ತಂದರು, ಒಬ್ಬ 1957ರಲ್ಲಿ ಚಲಾವಣೆಗೆ ಬಂದ ನಯಾ ಪೈಸೆ ತಂದ. ಒಬ್ಬಳು ಬಾಲಕಿ ತನ್ನ ಚೀಲ ತೆರೆಯಲೇ ಇಲ್ಲ. ಎಲ್ಲರೂ ಹೋದ ಮೇಲೆ ಅಜ್ಜಿಯ ಬೀಡಿ ಪಾಸ್‌ಬುಕ್ಕನ್ನು ತೋರಿಸಿದಳು. ಅವಳಿಗೆ ನಾಚಿಕೆಯಾಗಿತ್ತು. ಮರುದಿನ ಅವಳ ಅನುಮತಿ ಪಡೆದು ಅದನ್ನೇ ಪಾಠವಾಗಿಸಿದೆವು. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಯ ಲೆಕ್ಕದಿಂದ ಆರಂಭವಾಯಿತು. ಎಲೆ ಎಲ್ಲಿಂದ ಬರುತ್ತದೆ? ಮಧ್ಯಪ್ರದೇಶ, ಛತ್ತೀಸ್‌ಗಢಗಳ ಕಾಡಿನಿಂದ. ಹೊಗೆಸೊಪ್ಪು? ನಿಪ್ಪಾಣಿಯ ಕಡೆಯ ಹೊಲಗಳಿಂದಲೂ, ಗುಜರಾತಿನಿಂದಲೂ. ಮಕ್ಕಳು ಭಾರತದ ನಕ್ಷೆಯ ಮೇಲೆ ದಾರ ಎಳೆದಾಗ ಎಲ್ಲ ದಾರಗಳೂ ಒಬ್ಬ ಅಜ್ಜಿಯ ಜಗಲಿಗೆ ಬಂದು ಸೇರಿದವು. ಮನೆಯಲ್ಲಿ ಕುಳಿತು ದುಡಿಯುವ ಇಂಥ ಹೆಂಗಸರನ್ನೂ ಕಾರ್ಮಿಕರೆಂದು ಪರಿಗಣಿಸಿ 1966ರಲ್ಲಿ ಸಂಸತ್ತು ಕಾಯ್ದೆ ಮಾಡಿತ್ತು ಎಂದು ತಿಳಿಸಿದೆವು. ಬೀಡಿ ಆರೋಗ್ಯಕ್ಕೆ ಹಾನಿಕರವಲ್ಲವೇ ಎಂದು ಒಬ್ಬ ಕೇಳಿದ. ಹೌದು, ಸೇದುವವನಿಗೂ ಸುತ್ತುವವಳಿಗೂ ಎಂದೆವು. ಹಾಗಾದರೆ ಅಜ್ಜಿಗೆ ಬೇರೆ ಕೆಲಸ ಏಕೆ ಸಿಗಲಿಲ್ಲ ಎಂದು ಆ ಬಾಲಕಿಯೇ ಕೇಳಿದಳು. ಇದಕ್ಕಿಂತ ದೊಡ್ಡ ಸಮಾಜ ವಿಜ್ಞಾನದ ಪ್ರಶ್ನೆಯನ್ನು ನಾವು ಯಾವ ಪ್ರಶ್ನೆಪತ್ರಿಕೆಯಲ್ಲೂ ಕಂಡಿಲ್ಲ.

ಇತಿಹಾಸದ ಪಠ್ಯ ಯಾರದ್ದಾಗಿರಬೇಕೆಂಬ ಜಗಳ ನಮ್ಮ ರಾಜ್ಯದಲ್ಲಿ ಮುಗಿಯುವಂತೆ ತೋರುವುದಿಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆಯ ವಿವಾದ ಎದ್ದಿತು. 2023ರಲ್ಲಿ ಸರಕಾರ ಬದಲಾದೊಡನೆ ಕೆಲವು ಪಾಠಗಳು ಮತ್ತೆ ಬದಲಾದವು. ಅನ್ಯಾಯವಾದಾಗ ಪ್ರತಿಭಟಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠದಲ್ಲಿ ನಮ್ಮವರಿಲ್ಲ ಎಂದು ದೂರುವ ನಾವು ನಮ್ಮ ಮನೆಯ ಹಿರಿಯರ ನೆನಪುಗಳನ್ನು ಮಕ್ಕಳಿಗೆ ದಾಟಿಸಿದ್ದೇವೆಯೇ? ಅದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಕಿಲ್ಲ.

ಒಂದು ಹಗ್ಗ, ಒಂದಿಷ್ಟು ಬಟ್ಟೆ ಕ್ಲಿಪ್ಪು ಸಾಕು. ಒಂದು ಗೇಣಿಗೆ ಹತ್ತು ವರ್ಷ. ಮಗು ತಾನು ಹುಟ್ಟಿದ ವರ್ಷ, ತಂದೆ ತಾಯಿ ಹುಟ್ಟಿದ ವರ್ಷ, ಅಜ್ಜಿ ಹುಟ್ಟಿದ ವರ್ಷಗಳ ಚೀಟಿಗಳನ್ನು ಸಿಕ್ಕಿಸುತ್ತದೆ. ನಡುವೆ 1947, 1950, 1956, 1973. ಮಂಗಳೂರಿನ ಅಜ್ಜಿ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ, ಭಟ್ಕಳದವರು ಮುಂಬಯಿ ಪ್ರಾಂತದಲ್ಲಿ, ಬೀದರಿನವರು ನಿಜಾಮರ ಹೈದರಾಬಾದಿನಲ್ಲಿ. ಊರು ಬಿಟ್ಟು ಕದಲದೆಯೇ ಮೂವರೂ ಒಂದೇ ರಾಜ್ಯದವರಾದ ಕಥೆಯನ್ನು ಅವರ ಬಾಯಿಂದಲೇ ಕೇಳಿಸಿರಿ.

ನಮ್ಮ ತರಗತಿಯಲ್ಲಿ ಹಗ್ಗವನ್ನು ಇನ್ನೂ ಹಿಂದಕ್ಕೆ ಎಳೆದೆವು. 1340ರ ದಶಕಕ್ಕೆ ತಲುಪಲು ಬಾಗಿಲು ದಾಟಿ, ಜಗಲಿ ದಾಟಿ, ಅಂಗಳಕ್ಕೆ ಇಳಿಯಬೇಕಾಯಿತು. ಅಲ್ಲಿ ಇಬ್ನ್ ಬತೂತನ ಚೀಟಿ ಸಿಕ್ಕಿಸಿದೆವು. ನಮ್ಮ ಕರಾವಳಿಯಲ್ಲಿ ಸಂಚರಿಸಿದ ಆ ಪ್ರವಾಸಿ ಹೊನ್ನಾವರದಲ್ಲಿ ಹುಡುಗರಿಗೆ 23 ಹಾಗೂ ಹುಡುಗಿಯರಿಗೆ 13 ಶಾಲೆಗಳನ್ನು ಕಂಡುದಾಗಿಯೂ, ಅಂಥದ್ದನ್ನು ಬೇರೆಲ್ಲಿಯೂ ನೋಡಿಲ್ಲವೆಂದೂ ದಾಖಲಿಸಿದ್ದಾನೆ. ತುಂಬೆಗೆ ಬರಲಾಗದ ಮೂವರಲ್ಲಿ ಒಬ್ಬಳು ಆ ಚೀಟಿಯನ್ನು ತನ್ನ ಕೈಯಾರೆ ಬರೆದು ಸಿಕ್ಕಿಸಿದಳು. ಮರುದಿನ ಅವಳ ತಂದೆ ಶಾಲೆಗೆ ಬಂದರು. ಕೋಪದಿಂದ ಬಂದಿರಬಹುದೆಂದು ಭಾವಿಸಿದೆವು. ಆ ಹದಿಮೂರು ಶಾಲೆಗಳ ವಿಚಾರ ನಿಜವೇ ಎಂದಷ್ಟೇ ಕೇಳಿದರು. ನಿಜ ಎಂದೆವು. ಇನ್ನೊಮ್ಮೆ ಹೋಗುವಾಗ ತಿಳಿಸಿ ಎಂದು ಹೇಳಿ ಹೋದರು.

ಮುಂದಿನ ತಿಂಗಳು ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಅಂಚೆ ಕಚೇರಿಗೂ ಪಾಲಿಕೆಯ ಕಚೇರಿಗೂ ಕರೆದೊಯ್ಯಲಿದ್ದೇವೆ. ಇಬ್ಬರು ಶಿಕ್ಷಕಿಯರು ಜೊತೆಗಿರುತ್ತಾರೆ. ತಾಯಂದಿರು ಬರುವುದಾದರೆ ಬಸ್ಸಿನಲ್ಲಿ ಸ್ಥಳವಿದೆ. ಒಪ್ಪಿಗೆಯ ಪತ್ರಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇವೆ. ಹೊರಡುವ ಮೊದಲು ಸಹಿ ಹಾಕಿರಿ, ಹೆಣ್ಣುಮಕ್ಕಳ ಪತ್ರಗಳಿಗೂ.