ರಾತ್ರಿ ಮೂರೂಕಾಲಿಗೆ ಇಡ್ಲಿ ತಿಂದವರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆಯಿಂದ ನಾಲ್ಕು ಜನ ನನ್ನನ್ನು ಕೇಳಿದರು: "ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯಪ್ಪ?" ಸಾಫ್ಟ್‌ವೇರ್ ಅಂದೆ. "ಅದು ಗೊತ್ತು ಬಿಡು, ಅಂದ್ರೆ ಏನು ಮಾಡ್ತೀಯ?" ಅಂದರು. ಉತ್ತರ ಕೊಡಲು ನನಗೆ ಕಷ್ಟವಾಯಿತು. ಹಾಗಾಗಿ ಬರೆದುಕೊಂಡು ಬಂದಿದ್ದ ಭಾಷಣವನ್ನು ಜೇಬಿನಲ್ಲೇ ಇಟ್ಟುಕೊಂಡು, ನಾನು ಮಾಡಿದ ಒಂದು ಕೆಲಸದ ಕಥೆ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ.

ನಿಮ್ಮೆಲ್ಲರ ಫೋನಿನಲ್ಲಿ ವಾಟ್ಸಾಪ್ ಗುಂಪುಗಳಿವೆ. ಕಂಪನಿಗಳಲ್ಲೂ ಹಾಗೆಯೇ ತಂಡದವರು ಮಾತಾಡಿಕೊಳ್ಳಲು ಚಾಟ್ ಇರುತ್ತದೆ. ನಾವು ಬಳಸುತ್ತಿದ್ದದ್ದು ಮ್ಯಾಟರ್‌ಮೋಸ್ಟ್ ಎಂಬುದು. ಅದನ್ನು ಕಂಪನಿಯವರು ತಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಅಂದರೆ ಮಾತೆಲ್ಲ ನಮ್ಮ ಮನೆಯ ಕಣಜದಲ್ಲೇ ಇರುತ್ತದೆ.

ಒಂದು ರಾತ್ರಿ ಒಂದು ಯಂತ್ರದಲ್ಲಿ ಜಾಗ ತುಂಬಿಹೋಯಿತು. ಪಾಳಿಯಲ್ಲಿದ್ದವನು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗ. ಜಾಗ ಮಾಡಲು ಒಂದು ಹಳೆಯ ಫೋಲ್ಡರ್ ಅಳಿಸಿದ. ಅದರ ಜೊತೆ ಬೇಕಾದ ದಾಖಲೆಯೂ ಹೋಯಿತು. ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: ಇವನು ಯಾರನ್ನಾದರೂ ಕೇಳಿ ಅಳಿಸಿದನೋ, ತಾನೇ ಅಳಿಸಿದನೋ? ಆ ವಾರದ ಜವಾಬ್ದಾರಿ ನನ್ನದು. ಹುಡುಗ ಮೆಲ್ಲಗೆ "ನಿಮ್ಮನ್ನೇ ಕೇಳಿದ್ದೆ ಸರ್" ಅಂದ. ನನಗೆ ನೆನಪಿರಲಿಲ್ಲ. ನೆನಪಿಲ್ಲ ಎಂದೇ ಹೇಳಿದೆ. ವಿಚಾರಣೆ ಮುಗಿಯುವವರೆಗೆ ಅವನ ಖಾತೆಯನ್ನು ತಡೆಹಿಡಿದಿದ್ದರು, ಹಾಗಾಗಿ ಅವನು ತೆಗೆದು ತೋರಿಸುವಂತೆಯೂ ಇರಲಿಲ್ಲ. ಆ ತಿಂಗಳ ಮಾತುಕತೆಯನ್ನೆಲ್ಲ ತೆಗೆದುಕೊಡುವ ಕೆಲಸ ನನಗೇ ಬಂತು.

ಫೋನಿನಲ್ಲಿ ಬೆರಳಾಡಿಸುತ್ತಾ ಹೋಗಿ ನೋಡಬಾರದೇ ಎನ್ನಬಹುದು. ಆ ಗುಂಪಿನಲ್ಲಿ ಮನುಷ್ಯರಿಗಿಂತ ಯಂತ್ರಗಳೇ ಹೆಚ್ಚು ಮಾತಾಡುತ್ತಿದ್ದವು. "ಜಾಗ ಕಡಿಮೆ", "ಜಾಗ ಕಡಿಮೆ" ಎಂದು ಐದೈದು ನಿಮಿಷಕ್ಕೆ ಎಚ್ಚರಿಕೆ. ಒಂದು ತಿಂಗಳಿಗೆ ಸುಮಾರು 11,000 ಸಂದೇಶ. ಯಾವುದಾದರೂ ಎಚ್ಚರಿಕೆಯ ಕೆಳಗೆ ಯಾರಾದರೂ ಉತ್ತರ ಬರೆದಿದ್ದರೆ ಅದು ಮಡಚಿಕೊಂಡು ಅದರೊಳಗೇ ಕೂತಿರುತ್ತದೆ.

ಆಗ ಬೇಕಾಗುವುದು ಎಪಿಐ. ತಾಲ್ಲೂಕು ಕಚೇರಿ ನೆನಪಿಸಿಕೊಳ್ಳಿ. ಪಹಣಿ ಬೇಕೆಂದು ದಾಖಲೆ ಕೋಣೆಗೆ ನಾವೇ ನುಗ್ಗುವಂತಿಲ್ಲ. ಕಿಟಕಿಯ ಹತ್ತಿರ ನಿಂತು, ಸರ್ವೆ ನಂಬರ್ ಬರೆದು ಅರ್ಜಿ ಕೊಟ್ಟರೆ ಒಳಗಿನವರು ತಂದುಕೊಡುತ್ತಾರೆ. ಎಪಿಐ ಆ ಕಿಟಕಿ. ವ್ಯತ್ಯಾಸ ಏನೆಂದರೆ ಇಲ್ಲಿ ಅರ್ಜಿ ಹಿಡಿದು ನಿಲ್ಲುವುದು ನಾನಲ್ಲ, ನಾನು ಬರೆದ ಪ್ರೋಗ್ರಾಂ. ಅದರ ಕೈಗೆ ಒಂದು ಟೋಕನ್, ಅಂದರೆ ಗುರುತಿನ ಚೀಟಿ, ಕೊಟ್ಟಿರಬೇಕು. ಆ ಚೀಟಿ ನನ್ನದಾದ್ದರಿಂದ ನನಗೆ ಓದಲು ಹಕ್ಕಿರುವ ಗುಂಪುಗಳಷ್ಟೇ ಸಿಗುತ್ತವೆ. ಇಬ್ಬರು ತಮ್ಮಷ್ಟಕ್ಕೆ ಮಾತಾಡಿಕೊಂಡದ್ದು ಸಿಗುವುದಿಲ್ಲ, ಸಿಗಲೂಬಾರದು.

ಕಿಟಕಿಗೆ ಅದರದೇ ನಿಯಮಗಳಿವೆ. ಎಷ್ಟು ಬೇಕೆಂದು ಹೇಳದಿದ್ದರೆ ಒಂದು ಸಲಕ್ಕೆ 60 ಸಂದೇಶ ಕೊಡುತ್ತದೆ. ಕೇಳಿದರೂ 200ಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೊಸತು ಮೊದಲು, ಹಳತು ಆಮೇಲೆ. 11,000 ಬೇಕಾದರೆ 55 ಸಲ ಹೋಗಬೇಕು. ಇಲ್ಲೊಂದು ತಮಾಷೆಯಿದೆ. ಮೊದಲನೇ ಪುಟ, ಎರಡನೇ ಪುಟ ಎಂದು ಎಣಿಸಿಕೊಂಡು ಕೇಳಿದರೆ, ನಾವು ಓದುತ್ತಿರುವಾಗಲೇ ಮೇಲಿನಿಂದ ಹೊಸ ಸಂದೇಶ ಬಂದು ಎಲ್ಲವೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ಮೊದಲ ಪುಟದ ಕೊನೆಯದು ಎರಡನೇ ಪುಟದ ತಲೆಯಲ್ಲಿ ಮತ್ತೆ ಸಿಗುತ್ತದೆ. ಅದಕ್ಕೆ ಪುಟ ಎಣಿಸಬಾರದು. ಕೈಯಲ್ಲಿರುವ ಕೊನೆಯ ಸಂದೇಶದ ಗುರುತು ತೋರಿಸಿ "ಇದಕ್ಕಿಂತ ಹಿಂದಿನ 200 ಕೊಡಿ" ಎನ್ನಬೇಕು. ಇಷ್ಟನ್ನು ನಾನು ಸರಿಯಾಗಿಯೇ ಮಾಡಿದೆ.

ಪ್ರತಿ ಸಂದೇಶದ ಜೊತೆ ಅದು ಬರೆದ ಹೊತ್ತು ಇರುತ್ತದೆ. ಆದರೆ ಗಡಿಯಾರದ ಹೊತ್ತಲ್ಲ, 13 ಅಂಕಿಯ ಒಂದು ಸಂಖ್ಯೆ. 1970ರ ಜನವರಿ 1ರಿಂದ, ಅಂದರೆ ಈ ಶಾಲೆ ಶುರುವಾಗುವುದಕ್ಕೂ ಕೆಲವು ವರ್ಷ ಮೊದಲಿನಿಂದ, ಎಷ್ಟು ಮಿಲಿಸೆಕೆಂಡು ಕಳೆದವು ಎಂಬ ಲೆಕ್ಕ. ಅದನ್ನು ದಿನ, ಗಂಟೆಯಾಗಿ ಬದಲಿಸುವ ಒಂದು ಸಾಲು ಬರೆದೆ. ಆ ರಾತ್ರಿ 1ರಿಂದ 4 ಗಂಟೆಯವರೆಗಿನದನ್ನು ಬೇರೆ ಮಾಡಿದೆ. ಅದರಲ್ಲಿ ಹುಡುಗನ ಪ್ರಶ್ನೆಯೇ ಇರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ "ಕೇಳಿಲ್ಲ ಸರ್" ಎಂದೆ. ಮರುದಿನ ಹತ್ತು ಗಂಟೆಗೆ ಸಭೆ.

ಮಲಗುವ ಮೊದಲು ಯಾಕೋ ಆ ಪಟ್ಟಿಯನ್ನು ಮತ್ತೆ ತೆರೆದೆ. ರಾತ್ರಿ 3:15ಕ್ಕೆ ಒಬ್ಬರು ಬರೆದಿದ್ದಾರೆ: "ಕೆಳಗೆ ಇಡ್ಲಿ ತಿನ್ನೋಕೆ ಹೋಗ್ತಿದೀನಿ, ಯಾರಾದ್ರೂ ಬರ್ತೀರಾ?" ರಾತ್ರಿ ಮೂರೂಕಾಲಿಗೆ ಇಡ್ಲಿ ಯಾರು ಮಾಡಿಟ್ಟಿರುತ್ತಾರೆ!

ನನ್ನ ಎದೆ ಧಸಕ್ಕೆಂದಿತು. ನಮ್ಮ ಸಮಾಜದ ಮೇಷ್ಟ್ರು ಇದೇ ಶಾಲೆಯ ಗೋಡೆಗೆ ಭೂಪಟ ನೇತುಹಾಕಿ, ಮಿರ್ಜಾಪುರದ ಹತ್ತಿರ ಕೋಲು ಇಟ್ಟು ಕೇಳುತ್ತಿದ್ದರು: "82.5 ಡಿಗ್ರಿ ಪೂರ್ವ. 15 ಡಿಗ್ರಿಗೆ ಒಂದು ಗಂಟೆ. ಎಷ್ಟಾಯ್ತೋ?" ನಾವೆಲ್ಲ ಒಟ್ಟಿಗೆ "ಐದೂವರೆ ಸಾ" ಎಂದು ಕೂಗುತ್ತಿದ್ದೆವು. ಪರೀಕ್ಷೆಯಲ್ಲಿ ಎರಡು ಅಂಕ ಬಂದಿತ್ತು, ಅಲ್ಲಿಗೆ ಮರೆತಿದ್ದೆ. ಸರ್ವರಿನ ಸಂಖ್ಯೆ ಲೋಕದ ಸಾಮಾನ್ಯ ಹೊತ್ತಿನದು. ನಮ್ಮ ಐದೂವರೆ ಗಂಟೆಯನ್ನು ನಾನು ಸೇರಿಸಿಯೇ ಇರಲಿಲ್ಲ. ಇಡ್ಲಿಯ ಹೊತ್ತು ಬೆಳಿಗ್ಗೆ 8:45. ಹಾಗಾದರೆ ನಾನು ಹುಡುಕಬೇಕಿದ್ದ ರಾತ್ರಿ, ನನ್ನ ಪಟ್ಟಿಯಲ್ಲಿ ಹಿಂದಿನ ದಿನದ ಸಂಜೆಯಾಗಿ ಕೂತಿತ್ತು.

ಅಲ್ಲಿ ಹೋಗಿ ನೋಡಿದೆ. ಪಟ್ಟಿಯ ಪ್ರಕಾರ ಸಂಜೆ 8:10, ನಿಜವಾಗಿ ರಾತ್ರಿ 1:40. ಒಂದು ಎಚ್ಚರಿಕೆಯ ಕೆಳಗೆ ಹುಡುಗ ಬರೆದಿದ್ದ: "ಸರ್, ಈ ಹಳೇ ಫೋಲ್ಡರ್ ತೆಗೀಲಾ? ಒಳಗೆ ಏನಿದೆ ಅಂತ ನನಗೆ ಖಾತ್ರಿ ಇಲ್ಲ." ಎರಡು ನಿಮಿಷದ ಮೇಲೆ ಉತ್ತರ: "ಓಕೆ, ತೆಗಿ." ಕಳಿಸಿದವರ ಹೆಸರಿನ ಜಾಗದಲ್ಲಿ ಅಕ್ಷರ ಅಂಕಿ ಕಲಸಿದ 26 ಚಿಹ್ನೆಗಳ ಗುರುತು ಮಾತ್ರ ಇರುತ್ತದೆ. ಅದು ಯಾರೆಂದು ಇನ್ನೊಂದು ಅರ್ಜಿ ಹಾಕಿ ಕೇಳಬೇಕು. ಕೇಳಿದೆ. ನನ್ನ ಹೆಸರು ಬಂತು. ನಿದ್ದೆಗಣ್ಣಿನಲ್ಲಿ ಫೋನ್ ನೋಡಿ, ಎರಡು ಪದ ಒತ್ತಿ, ಮತ್ತೆ ಮಲಗಿದ್ದೆ.

ಅದನ್ನು ನೋಡಿದವನು ಆಗ ನಾನೊಬ್ಬನೇ. ಸುಳ್ಳು ಹೇಳುವುದಿಲ್ಲ, ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ನನ್ನ ಮನೆ ಸಾಲದ ಕಂತು, ಬಡ್ತಿ, ಎಲ್ಲವೂ ತಲೆಯಲ್ಲಿ ಸುತ್ತಿದವು. ಆಮೇಲೆ ಆ ಎರಡು ಸಾಲನ್ನು ಸರಿಯಾದ ಹೊತ್ತಿನೊಂದಿಗೆ ಮ್ಯಾನೇಜರಿಗೆ ಕಳಿಸಿ, ಹುಡುಗನಿಗೆ ಫೋನ್ ಮಾಡಿದೆ. ಹನ್ನೆರಡೂವರೆಯಾಗಿತ್ತು. ಮೊದಲ ರಿಂಗಿಗೇ ಎತ್ತಿದ. ನಾನು ಹೇಳಿದ್ದನ್ನೆಲ್ಲ ಕೇಳಿ, "ಸರ್, ನಾನೇ ಕನಸಲ್ಲಿ ಕೇಳಿದ್ನೇನೋ ಅಂತ ನನಗೇ ಅನುಮಾನ ಬಂದಿತ್ತು" ಅಂದ.

ಸಭೆಯಲ್ಲಿ ನನಗೆ ಸಿಗಬೇಕಾದದ್ದು ಸಿಕ್ಕಿತು, ಅದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ. ಹುಡುಗ ಕೆಲಸದಲ್ಲಿ ಉಳಿದ. ಈಗ ನಮ್ಮ ತಂಡದಲ್ಲಿ ಏನನ್ನಾದರೂ ಅಳಿಸಬೇಕಾದರೆ "ಓಕೆ" ಸಾಲದು, ಏನನ್ನು ಅಳಿಸುತ್ತಿದ್ದೇವೆಂದು ಪೂರ್ತಿ ಹೆಸರು ಬರೆದು ಒಪ್ಪಿಗೆ ಕೊಡಬೇಕು. ಆ ನಿಯಮ ಬರೆದವನು ಅವನೇ.

ಸಮಾಜದ ಮೇಷ್ಟ್ರು ಎದುರಿಗೇ ಕೂತಿದ್ದಾರೆ. ಸಾ, ಆ ಎರಡು ಅಂಕ ನನಗೆ ಆಗ ಕೊಡಬಾರದಿತ್ತು.

ಮಕ್ಕಳೇ, ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಚಾಟ್ ಸರ್ವರ್ ಹಾಕಿಕೊಂಡು ಬಂದಿದ್ದೇನೆ. ಊಟ ಆದ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ. ನೀವೇ ಸಂದೇಶ ಬರೆಯಿರಿ, ನೀವೇ ಕಿಟಕಿಯಲ್ಲಿ ನಿಂತು ವಾಪಸ್ ಕೇಳಿರಿ. ಕರೆಂಟ್ ಇದ್ದರೆ.