ಬಾಗಿದ ಅಚ್ಚು

ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಕೀಲಾಗಿಟ್ಟು ಗಾಲಿಯನ್ನು ಉಳಿಸಿದಳೆಂಬ ಜನಪ್ರಿಯ ಕಥೆಯನ್ನು ಶ್ರೋತೃಗಳು ಬಲ್ಲರು. ಆ ಕಥೆಯಲ್ಲಿ ಬೆರಳು ನಮ್ಮ ನೆನಪಿನಲ್ಲಿ ನಿಲ್ಲುತ್ತದೆ, ಅಚ್ಚು ನಿಲ್ಲುವುದಿಲ್ಲ. ಸಂಸ್ಕೃತದಲ್ಲಿ ಅಕ್ಷ, ಕನ್ನಡದಲ್ಲಿ ಅಚ್ಚು, ಸೈಕಲ್ ಅಂಗಡಿಯಲ್ಲಿ ಆಕ್ಸಲ್. ಹೆಸರು ಯಾವುದಾದರೇನು, ಕೆಡುವವರೆಗೆ ಅದನ್ನು ಯಾರೂ ವಿಚಾರಿಸುವುದಿಲ್ಲ. ಮೌಂಟನ್ ಬೈಕ್ ಎಂದು ಕರೆಯಲಾಗುವ ಗುಡ್ಡಗಾಡಿನ ಸೈಕಲ್ಲಿನ ಹಿಂದಿನ ಅಚ್ಚನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಸೈಕಲ್ಲಿಗೆ ಹಿಂದಿನ ಗಾಲಿಯ ಸಂಕಟ ಹುಟ್ಟಿನೊಡನೆಯೇ ಬಂದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಎಂಬಲ್ಲಿಯ ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯವನ್ನು 1976ರಲ್ಲಿ ಆರಂಭಿಸಿದರು. ಅವುಗಳ ಬ್ರೇಕು ಹಿಂದಿನ ಹಬ್ಬಿನೊಳಗೇ ಇತ್ತು. ಇಳಿಜಾರಿನಲ್ಲಿ ಹುಟ್ಟಿದ ಕಾವಿಗೆ ಅದರ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಇದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರೇ ಬಿದ್ದಿತು. ಮುಂದೆ ಗೇರುಗಳು ಬಂದವು. ಗ್ರೀಸಿನ ತೊಂದರೆ ತಪ್ಪಿ ಅಚ್ಚಿನ ತೊಂದರೆ ಮೊದಲಾಯಿತು.

ಕಾರಣ ಸರಳವಾದದ್ದು. ಸೈಕಲ್ಲಿನಲ್ಲಿ ಅಚ್ಚು ತಿರುಗುವುದಿಲ್ಲ. ಚೌಕಟ್ಟಿನ ಹಿಂಬದಿಯ ಎರಡು ಸೀಳುಗಳಲ್ಲಿ ಬಿಗಿಯಾಗಿ ಕುಳಿತಿರುತ್ತದೆ, ಗಾಲಿ ಅದರ ಸುತ್ತ ಗುಂಡುಗಳ ಮೇಲೆ ಉರುಳುತ್ತದೆ. ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲಿನಲ್ಲಿ ಆರೇಳು ಹಲ್ಲುಚಕ್ರಗಳು ಒತ್ತಾಗಿ ಸೇರಿದಾಗ, ಬಲಗಡೆಯ ಗುಂಡುಗಳು ಚೌಕಟ್ಟಿನಿಂದ ಬಹಳ ಒಳಗೆ ಉಳಿಯುತ್ತವೆ. ನಡುವಣ ಅಂತರದಲ್ಲಿ 10 ಮಿಲಿಮೀಟರ್ ದಪ್ಪದ ಸರಳು ಆಸರೆಯಿಲ್ಲದೆ ಸವಾರನ ಭಾರವನ್ನೂ ಸರಪಣಿಯ ಸೆಳೆತವನ್ನೂ ಹೊರಬೇಕು. ಹಳ್ಳದಿಣ್ಣೆಗಳ ಹೊಡೆತಕ್ಕೆ ಅದು ಬಾಗುವುದು ಅಲ್ಲಿಯೇ. ಷಿಮಾನೋ ಸಂಸ್ಥೆ 1978ರಲ್ಲಿ ಹೊರತಂದ ಫ್ರೀಹಬ್ಬಿನಲ್ಲಿ ಬಲಗಡೆಯ ಗುಂಡುಗಳು ಹಲ್ಲುಚಕ್ರಗಳಡಿಯಲ್ಲಿ ಹೊರಅಂಚಿನತ್ತ ಸರಿದವು. ಆದರೂ ಅಗ್ಗದ ಸೈಕಲ್ಲುಗಳಲ್ಲಿ ಹಳೆಯ ಕ್ರಮವೇ ಇನ್ನೂ ನಡೆದಿದೆ.

ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬನ ಸೈಕಲ್ಲಿನಲ್ಲಿ ಒಂದೇ ವರ್ಷದಲ್ಲಿ ಎರಡು ಅಚ್ಚುಗಳು ಬಾಗಿದವು. “ಹುಡುಗ ಕಣ್ಣುಮುಚ್ಚಿ ಓಡಿಸ್ತಾನೆ” ಎಂದು ಅಂಗಡಿಯಾತ ತೀರ್ಪಿತ್ತ. ತಂದೆ ನಂಬಿದರು, ಸೈಕಲ್ಲಿಗೆ ಬೀಗ ಬಿತ್ತು. ವಸ್ತು ಮುರಿದಾಗ ಬಳಸಿದವನನ್ನು ಬಯ್ಯುವುದು ನಮ್ಮಲ್ಲಿ ಬಹಳ ಸುಲಭ, ವಸ್ತುವನ್ನು ಬಿಚ್ಚಿ ನೋಡುವುದು ಅಷ್ಟು ಸುಲಭವಲ್ಲ. ಕೊನೆಗೆ ಬೇರೊಬ್ಬ ವಯಸ್ಸಾದ ರಿಪೇರಿಯವರು, “ಗಾಲಿ ಆಮೇಲೆ, ಮೊದಲು ಫ್ರೇಮು ನೋಡೋಣ ಸ್ವಾಮಿ” ಎಂದರು. ಎರಡು ಸೀಳುಗಳಲ್ಲಿ ಎರಡು ಮೋಟು ಅಚ್ಚುಗಳನ್ನು ಬಿಗಿದು, ಅವುಗಳ ತುದಿಗಳು ಎದುರೆದುರು ಬರುವುವೇ ಎಂದು ಪರೀಕ್ಷಿಸಿದರು. ಬರಲಿಲ್ಲ. ಬಲಗಡೆಯ ಸೀಳು ಒಳಕ್ಕೆ ಹೊರಳಿತ್ತು. ಹೊಸ ಅಚ್ಚನ್ನು ಹಾಕಿ ನಟ್ಟು ಬಿಗಿದ ಕ್ಷಣದಿಂದಲೇ ಅದು ಬಾಗತೊಡಗುತ್ತಿತ್ತು! ಚೌಕಟ್ಟು ಉಕ್ಕಿನದಾದ್ದರಿಂದ ನೇರ ಮಾಡಲು ಬಂತು. ಅಲ್ಯೂಮಿನಿಯಮ್ಮಿನದಾಗಿದ್ದರೆ ಬಿರುಕಿನ ಭಯ ಉಂಟು.

ಉಳಿದ ಕೆಲಸ ಒಂದು ಸಂಜೆಯದು. ಫ್ರೀವೀಲನ್ನು ಅದರ ಅಳತೆಗೆ ಹೊಂದುವ ಹತ್ಯಾರಿನಿಂದ ಎಡಕ್ಕೆ ತಿರುವಿ ಕಳಚಬೇಕು. ಸವಾರನೇ ಪೆಡಲು ತುಳಿದು ಬಿಗಿಗೊಳಿಸಿದ್ದಾದ್ದರಿಂದ ಉದ್ದನೆಯ ಹಿಡಿ ಬೇಕಾಗುತ್ತದೆ. ಎಡಗಡೆಯ ಕೋನನ್ನು ಸಡಿಲಿಸಿ ಅಚ್ಚನ್ನು ಹೊರಕ್ಕೆಳೆದು ಗಾಜಿನ ಮೇಲೆ ಉರುಳಿಸಿದರೆ, ಬಾಗಿದ್ದು ತಾನಾಗಿ ಕುಪ್ಪಳಿಸಿ ತೋರಿಸುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ಬಡಿದು ನೇರ ಮಾಡುವ ಜಿಪುಣತನ ಬೇಡ. ಒಮ್ಮೆ ಬಾಗಿದ ಉಕ್ಕು ಅದೇ ಜಾಗದಲ್ಲಿ ಮುರಿಯಬಲ್ಲದು. ಅದೇ ಉದ್ದದ, ಅದೇ ಮರೆಯ ಹೊಸದನ್ನು ತರಬೇಕು. ಗುಂಡುಗಳನ್ನೂ ಬದಲಿಸುವುದು ಮೇಲು: ಸಾಮಾನ್ಯವಾಗಿ ಬದಿಗೆ ಒಂಬತ್ತು, ಕಾಲಂಗುಲದವು. ಕೋನುಗಳಲ್ಲಿ ಗುಳಿ ಬಿದ್ದಿದ್ದರೆ ಅವನ್ನೂ ಉಳಿಸಿಕೊಳ್ಳಬಾರದು. ಹೊಸ ಗ್ರೀಸು ತುಂಬಿ, ಅಲುಗಾಟವೂ ಇರದ, ಬಿಗಿತವೂ ಇರದ ನೆಲೆಗೆ ಕೋನನ್ನು ತಂದು ನಟ್ಟಿನಿಂದ ಬಂಧಿಸಬೇಕು. ಆ ನೆಲೆ ಪುಸ್ತಕದಿಂದ ಬರುವುದಲ್ಲ, ಅಚ್ಚಿನ ತುದಿಯನ್ನು ಹಿಡಿದು ತಿರುವುವ ಬೆರಳುಗಳಿಂದಲೇ ಬರತಕ್ಕದ್ದು.

ಇಷ್ಟಾದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಗಾಲಿಯನ್ನು ನೆಲದಿಂದೆತ್ತಿ ಪಕ್ಕಕ್ಕೆ ಅಲುಗಿಸಿದಾಗ ಕಟಕಟ ಸದ್ದು ಬಂದರೆ ಕೋನು ಸಡಿಲವಾಗಿದೆಯೆಂದೇ ಅರ್ಥ.